ಓದದೆ ಬಿಟ್ಟ ಒಂದು ವಾಕ್ಯ



ಈ ಉಪನ್ಯಾಸಕ್ಕೆ ದತ್ತಿ ಇಟ್ಟವರ ಹೆಸರನ್ನು ಇಲ್ಲಿ ಎತ್ತಬಾರದೆಂಬುದು ಅವರದೇ ಷರತ್ತು. ಎತ್ತುವುದಿಲ್ಲ. ಅವರ ತಂದೆ ಹಳೇ ಮೈಸೂರಿನ ಹಳ್ಳಿಗಳಲ್ಲಿ ದಾಕು ಹಾಕುವ ಕೆಲಸದಲ್ಲಿದ್ದರು ಎಂಬಷ್ಟನ್ನು ಹೇಳಲು ಮಾತ್ರ ಒಪ್ಪಿಗೆ ಸಿಕ್ಕಿದೆ. ದಾಕು ಎಂದರೆ ಇಲ್ಲಿರುವ ಐವತ್ತು ದಾಟಿದವರಿಗೆ ವಿವರಿಸಬೇಕಾಗಿಲ್ಲ. ತೋಳು ಮಡಚಿ ನೋಡಿಕೊಂಡರೆ ಸಿಡುಬಿನ ಲಸಿಕೆಯ ದುಂಡು ಗುರುತು ಇನ್ನೂ ಇರುತ್ತದೆ. "ದಾಕು ಹಾಕೋರು ಬಂದ್ರು" ಅಂದರೆ ಮಕ್ಕಳನ್ನು ಅಟ್ಟಕ್ಕೆ ಹತ್ತಿಸಿ ಏಣಿ ತೆಗೆದುಬಿಡುತ್ತಿದ್ದ ಕಾಲ. ಒಂದೂರಿನಲ್ಲಿ ಅವರ ಸೈಕಲ್ಲಿನ ಎರಡೂ ಚಕ್ರದ ಗಾಳಿ ಬಿಟ್ಟಿದ್ದರಂತೆ. ಮರುವರ್ಷ ಅದೇ ಊರಿನವರು ಮುದ್ದೆ ಸಾರು ಬಡಿಸಿ, ತಾವೇ ಮಕ್ಕಳನ್ನು ಎತ್ತಿಕೊಂಡು ಬಂದರಂತೆ. ನಡುವೆ ಏನಾಯಿತು ಎಂದು ಮಗ ಕೇಳಿದ್ದಕ್ಕೆ ಅಪ್ಪ ಹೇಳಿದ ಮಾತನ್ನು ದತ್ತಿದಾನಿಗಳು ನನಗೆ ಹೇಳಿದರು: "ಜ್ವರ ಬರುತ್ತೆ, ತೋಳು ಊದುತ್ತೆ, ಮಗು ಮೂರು ದಿನ ಅಳುತ್ತೆ ಅಂತ ಹಾಕೋಕೆ ಮುಂಚೆ ಹೇಳಿದ್ದೆ. ಹೇಳಿದ ಹಾಗೇ ಆಯ್ತು. ಅದಕ್ಕೇ ನಂಬಿದ್ರು."

ಗಮನಿಸಿ, ಲಸಿಕೆ ಕೆಲಸ ಮಾಡಿತು ಎಂದು ಆ ಊರು ನಂಬಿದ್ದಲ್ಲ. ಸಿಡುಬು ಬರಲಿಲ್ಲ ಎಂಬುದು ಒಂದು ವರ್ಷದಲ್ಲಿ ಗೊತ್ತಾಗುವ ಸಂಗತಿಯೂ ಅಲ್ಲ. ಮುಂಚೆ ಹೇಳಿದ ಕೆಟ್ಟದ್ದು ಹೇಳಿದ ಹಾಗೆ ಆಯಿತು. ಹಾಗಾದರೆ ಇವನು ಹೇಳುವ ಒಳ್ಳೆಯದೂ ನಿಜವಿದ್ದೀತು ಎಂದು ಅವರು ಲೆಕ್ಕ ಹಾಕಿದರು. ಕೊರೊನಾ ಲಸಿಕೆಯ ಬಗ್ಗೆ ಈ ದೇಶದಲ್ಲಿ ನಡೆದ ಜಗಳವನ್ನು ಈ ಲೆಕ್ಕದ ಎದುರಿಗಿಟ್ಟು ನೋಡುವುದು ನನ್ನ ಇವತ್ತಿನ ಉದ್ದೇಶ. ನಾನು ತಾಲ್ಲೂಕು ಆಸ್ಪತ್ರೆಗಳಲ್ಲಿ ಮೂವತ್ತು ವರ್ಷ ವೈದ್ಯನಾಗಿ ದುಡಿದು ನಿವೃತ್ತನಾದವನು. ವೈರಾಣು ವಿಜ್ಞಾನಿಯಲ್ಲ. ಈ ಜಗಳದಲ್ಲಿ ನನ್ನದೂ ಒಂದು ಸಣ್ಣ ಪಾತ್ರವಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಜಗಳ ಶುರುವಾದದ್ದು 2021ರ ಜನವರಿಯಲ್ಲಿ ಎಂದು ಬಹಳ ಜನ ತಿಳಿದಿದ್ದಾರೆ. ನನ್ನ ಪ್ರಕಾರ ಅದು ಶುರುವಾದದ್ದು 2020ರ ಜುಲೈ 2ರಂದು. ಅವತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಹಾನಿರ್ದೇಶಕ ಬಲರಾಮ್ ಭಾರ್ಗವ 12 ಆಸ್ಪತ್ರೆಗಳಿಗೆ ಒಂದು ಪತ್ರ ಬರೆದರು. ನಮ್ಮ ಬೆಳಗಾವಿಯ ಆಸ್ಪತ್ರೆಯೊಂದೂ ಆ ಪಟ್ಟಿಯಲ್ಲಿತ್ತು. ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸುತ್ತಿದ್ದ ಕೋವ್ಯಾಕ್ಸಿನ್ ಲಸಿಕೆಯನ್ನು ಆಗಸ್ಟ್ 15ರ ಹೊತ್ತಿಗೆ ಜನರ ಬಳಕೆಗೆ ಬಿಡುವ ಉದ್ದೇಶವಿದೆ, ತಡ ಮಾಡಿದರೆ ಗಂಭೀರವಾಗಿ ಪರಿಗಣಿಸಲಾಗುವುದು ಎಂಬುದು ಪತ್ರದ ಸಾರ. ಮನುಷ್ಯರ ಮೇಲೆ ಮೊದಲ ಹಂತದ ಪ್ರಯೋಗವೇ ಇನ್ನೂ ಶುರುವಾಗಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದು ಮಾತ್ರವಲ್ಲ, ನಾಮಕರಣದ ತಾರೀಖನ್ನೂ ಅಚ್ಚು ಹಾಕಿಸಿದ ಹಾಗೆ. ಬೆಂಗಳೂರಿನಲ್ಲಿರುವ ಭಾರತೀಯ ವಿಜ್ಞಾನ ಅಕಾಡೆಮಿ ಮೂರೇ ದಿನದಲ್ಲಿ ಹೇಳಿಕೆ ಕೊಟ್ಟು, ಈ ಗಡುವಿಗೆ ಅರ್ಥವೂ ಇಲ್ಲ, ಪೂರ್ವನಿದರ್ಶನವೂ ಇಲ್ಲ ಎಂದಿತು. ಲಸಿಕೆ ಆಗಸ್ಟಿಗೆ ಬರಲಿಲ್ಲ, ಬರುವ ಹಾಗೂ ಇರಲಿಲ್ಲ. ಆದರೆ ಆ ಪತ್ರವನ್ನು ಓದಿದ ವೈದ್ಯರು ಮರೆಯಲಿಲ್ಲ. ಪ್ರಯೋಗದ ಫಲಿತಾಂಶ ನೋಡಿ ದಿನ ಗೊತ್ತು ಮಾಡುವವರೋ, ದಿನ ನೋಡಿ ಫಲಿತಾಂಶ ಗೊತ್ತು ಮಾಡುವವರೋ ಎಂಬ ಅನುಮಾನ ಅಲ್ಲಿ ಬೇರು ಬಿಟ್ಟಿತು.

ಇನ್ನು ಜನವರಿಗೆ ಬರೋಣ. ಔಷಧ ನಿಯಂತ್ರಣ ಇಲಾಖೆಯ ವಿಷಯತಜ್ಞರ ಸಮಿತಿ ಜನವರಿ 1ರಂದು ಸಭೆ ಸೇರಿ, ಭಾರತ್ ಬಯೋಟೆಕ್ ಕಂಪನಿಗೆ ಮೂರನೇ ಹಂತದ ಪ್ರಯೋಗಕ್ಕೆ ಜನರನ್ನು ಬೇಗ ಸೇರಿಸಿಕೊಳ್ಳಿ, ಲಸಿಕೆ ಎಷ್ಟು ತಡೆಯುತ್ತದೆ ಎಂಬ ಮಧ್ಯಂತರ ಲೆಕ್ಕ ತನ್ನಿ, ಆಮೇಲೆ ನೋಡೋಣ ಎಂದಿತ್ತು. ಮರುದಿನ ಅದೇ ಸಮಿತಿ ಅನುಮತಿಗೆ ಶಿಫಾರಸು ಮಾಡಿತು. ಬ್ರಿಟನ್ನಿನಲ್ಲಿ ಕಾಣಿಸಿಕೊಂಡಿದ್ದ ರೂಪಾಂತರಿ ವೈರಾಣು ಕೊಟ್ಟ ಕಾರಣಗಳಲ್ಲೊಂದು. ಜನವರಿ 3ರಂದು ಔಷಧ ಮಹಾನಿಯಂತ್ರಕ ವಿ.ಜಿ. ಸೋಮಾನಿ ಕೋವಿಶೀಲ್ಡ್, ಕೋವ್ಯಾಕ್ಸಿನ್ ಎರಡಕ್ಕೂ ತುರ್ತು ಬಳಕೆಯ ಅನುಮತಿ ಘೋಷಿಸಿದರು. ಕೋವ್ಯಾಕ್ಸಿನ್‌ಗೆ ಮಾತ್ರ 'ಕ್ಲಿನಿಕಲ್ ಟ್ರಯಲ್ ಮೋಡ್' ಎಂಬ ಬಾಲವಿತ್ತು. ಪ್ರಯೋಗದ ರೀತಿಯಲ್ಲಿ ಕೊಡುವುದು ಎಂದರೇನು? ಪ್ರಯೋಗವೆಂದರೆ ಒಂದು ಗುಂಪಿಗೆ ಲಸಿಕೆ, ಇನ್ನೊಂದು ಗುಂಪಿಗೆ ಹುಸಿಮದ್ದು ಕೊಟ್ಟು ಹೋಲಿಸುವುದು. ಇಲ್ಲಿ ಎಲ್ಲರಿಗೂ ಲಸಿಕೆಯೇ. ದೇಶದ ಹೆಸರಾಂತ ಲಸಿಕಾ ತಜ್ಞೆ ಗಗನ್‌ದೀಪ್ ಕಾಂಗ್ ಅವರೇ ಈ ಮಾತಿನ ಅರ್ಥ ತಮಗಾಗುತ್ತಿಲ್ಲ ಎಂದಮೇಲೆ, ತಾಲ್ಲೂಕು ವೈದ್ಯನ ಪಾಡೇನು?

ಆ ವಾರ ನಡೆದ ಮಾತುಕತೆಯನ್ನು ಈಗ ನೆನೆದರೆ ನಗು ಬರುತ್ತದೆ. ಲಸಿಕೆಗಳು ಶೇಕಡ 110ರಷ್ಟು ಸುರಕ್ಷಿತ ಎಂದರು ನಿಯಂತ್ರಕರು. ಫೈಜರ್, ಮಾಡರ್ನಾ, ಆಕ್ಸ್‌ಫರ್ಡ್ ಬಿಟ್ಟರೆ ಉಳಿದದ್ದು ನೀರಿನಷ್ಟು ಸುರಕ್ಷಿತ ಎಂದು ಚುಚ್ಚಿದರು ಕೋವಿಶೀಲ್ಡ್ ತಯಾರಿಸುತ್ತಿದ್ದ ಪುಣೆಯ ಸೀರಮ್ ಸಂಸ್ಥೆಯ ಆದಾರ್ ಪೂನಾವಾಲಾ. ತಮ್ಮ ಪ್ರಯೋಗ ಶೇಕಡ 200ರಷ್ಟು ಪ್ರಾಮಾಣಿಕ ಎಂದು ಸಿಡಿದರು ಭಾರತ್ ಬಯೋಟೆಕ್‌ನ ಕೃಷ್ಣ ಎಲ್ಲಾ. ಶೇಕಡ ಲೆಕ್ಕ ನೂರರ ಗಡಿ ದಾಟಿದ ವಾರ ಅದು. 5ನೇ ತಾರೀಖು ಇಬ್ಬರೂ ಸೇರಿ ಜಂಟಿ ಹೇಳಿಕೆ ಕೊಟ್ಟು ಕೈಕುಲುಕಿದರು. ಅಷ್ಟರಲ್ಲಿ ರಾಜಕಾರಣ ಒಳಗೆ ಬಂದಿತ್ತು. ಇದು ಬಿಜೆಪಿ ಲಸಿಕೆ, ನಾನು ಹಾಕಿಸಿಕೊಳ್ಳುವುದಿಲ್ಲ ಎಂದಿದ್ದರು ಅಖಿಲೇಶ್ ಯಾದವ್. ಜೂನ್‌ನಲ್ಲಿ, ಭಾರತ ಸರ್ಕಾರದ ಲಸಿಕೆ, ಹಾಕಿಸಿಕೊಳ್ಳುತ್ತೇನೆ ಎಂದರು. ಶಶಿ ತರೂರ್ ಮೂರನೇ ಹಂತದ ದತ್ತಾಂಶ ಎಲ್ಲಿ ಎಂದು ಕೇಳಿದರೆ, ಅದು ವಿಜ್ಞಾನಿಗಳಿಗೆ ಮಾಡಿದ ಅವಮಾನ ಎಂಬ ಉತ್ತರ ಬಂತು. ಛತ್ತೀಸಗಢದ ಆರೋಗ್ಯ ಮಂತ್ರಿ ಸಿಂಗ್ ದೇವ್ ಫಲಿತಾಂಶ ಬರುವ ತನಕ ಕೋವ್ಯಾಕ್ಸಿನ್ ಕಳಿಸಬೇಡಿ ಎಂದು ದೆಹಲಿಗೆ ಬರೆದರು.

ಈ ಗದ್ದಲದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಕಲಸಿಹೋದವು. ಅಪಾಯವಿದೆಯೇ ಎಂಬುದು ಒಂದು. ತಡೆಯುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ತಕ್ಕಮಟ್ಟಿಗೆ ಉತ್ತರವಿತ್ತು. ಕೋವ್ಯಾಕ್ಸಿನ್ ಸತ್ತ ವೈರಾಣುವಿನಿಂದ ಮಾಡಿದ್ದು; ಸಾಲ್ಕ್‌ ಅವರ ಪೋಲಿಯೊ ಚುಚ್ಚುಮದ್ದಿನ ಕಾಲದಿಂದ ಪಳಗಿದ ವಿಧಾನ. ಮೊದಲ ಹಂತದ 375, ಎರಡನೇ ಹಂತದ 380 ಜನರಲ್ಲಿ ಗಾಬರಿಪಡುವಂಥದ್ದು ಕಂಡಿರಲಿಲ್ಲ. ಮೂರನೇ ಹಂತಕ್ಕೆ 25,800 ಜನರನ್ನು ಸೇರಿಸಿಕೊಳ್ಳುವ ಕೆಲಸ ಮುಗಿಯುತ್ತ ಬಂದಿತ್ತು. ಎರಡನೇ ಪ್ರಶ್ನೆಗೆ ಮಾತ್ರ ಜನವರಿ 3ರಂದು ಯಾರ ಬಳಿಯೂ ಉತ್ತರವಿರಲಿಲ್ಲ. "ಅಪಾಯ ಕಂಡಿಲ್ಲ, ಎಷ್ಟು ತಡೆಯುತ್ತದೋ ಇನ್ನೆರಡು ತಿಂಗಳಲ್ಲಿ ಹೇಳುತ್ತೇವೆ, ಅಲ್ಲಿಯವರೆಗೆ ಬೇಕೆಂದವರು ತಗೊಳ್ಳಿ." ಇಷ್ಟು ಹೇಳಿದ್ದರೆ ಅರ್ಧ ಜಗಳ ಅಲ್ಲೇ ಕೂರುತ್ತಿತ್ತು ಎಂದು ನಾನು ನಂಬುತ್ತೇನೆ.

ತಮಾಷೆಯೆಂದರೆ ಇದನ್ನು ಹೇಳಿದ್ದರು, ಯಾರೂ ಓದದ ಜಾಗದಲ್ಲಿ. ಜನವರಿ 16ರಂದು ಲಸಿಕೆ ಶುರುವಾದಾಗ ಕೋವ್ಯಾಕ್ಸಿನ್ ಹಾಕಿಸಿಕೊಳ್ಳುವವರು ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಿತ್ತು. ಈ ಲಸಿಕೆಯ ಪರಿಣಾಮಕತ್ವ ಇನ್ನೂ ಸಿದ್ಧವಾಗಬೇಕಿದೆ, ಮೂರನೇ ಹಂತದ ಪ್ರಯೋಗದಲ್ಲಿ ಅದನ್ನು ಅಭ್ಯಸಿಸಲಾಗುತ್ತಿದೆ ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಲಸಿಕೆಯಿಂದಲೇ ಗಂಭೀರ ತೊಂದರೆಯಾದರೆ ಕಂಪನಿ ಪರಿಹಾರ ಕೊಡುತ್ತದೆ ಎಂದೂ ಇತ್ತು. ಮೈಕಿನ ಮುಂದೆ ಶೇಕಡ 110. ಕಾಗದದ ಮೇಲೆ 'ಇನ್ನೂ ಗೊತ್ತಿಲ್ಲ'. ದೆಹಲಿಯ ರಾಮಮನೋಹರ ಲೋಹಿಯಾ ಆಸ್ಪತ್ರೆಯ ಕಿರಿಯ ವೈದ್ಯರು ನಮಗೆ ಕೋವಿಶೀಲ್ಡ್ ಕೊಡಿ ಎಂದು ಮೊದಲ ದಿನವೇ ಬರೆದುಕೊಟ್ಟರು. ಅವರನ್ನು ಲಸಿಕೆ ವಿರೋಧಿಗಳು ಎಂದು ಕರೆದವರುಂಟು. ಒಂದು ಲಸಿಕೆ ಬೇಡ, ಇನ್ನೊಂದು ಕೊಡಿ ಎನ್ನುವವನು ಲಸಿಕೆ ವಿರೋಧಿ ಹೇಗಾಗುತ್ತಾನೋ ನನಗೆ ತಿಳಿಯದು.

ಈಗ ನನ್ನ ಪಾತ್ರ. ಮಾರ್ಚ್ 1ರಿಂದ 60 ದಾಟಿದವರಿಗೆ ಶುರುವಾಯಿತು. ಆ ವಾರದಲ್ಲೇ ಹೋದೆ. ಸರದಿಯಲ್ಲಿ ನನ್ನ ಹಿಂದೆ ನಮ್ಮ ಬೀದಿ ಮೂಲೆಯಲ್ಲಿ ಹೂ ಮಾರುವ ಹೆಂಗಸು. ಬರಬೇಕೋ ಬೇಡವೋ ಎಂದು ವಾರದಿಂದ ನನ್ನನ್ನು ಕೇಳುತ್ತಿದ್ದಳು, ನಾನೇ ಕರೆತಂದಿದ್ದೆ. ನಮ್ಮಲ್ಲಿ ಕೊಟ್ಟದ್ದು ಇಂಗ್ಲಿಷ್ ಫಾರಂ. "ಏನ್ ಬರ್ದೈತೆ ಓದಿ ಹೇಳಿ ಡಾಕ್ಟ್ರೇ" ಅಂದಳು. ಓದಿ ಹೇಳಿದೆ. ಜ್ವರ ಬರಬಹುದು, ಕೈ ನೋಯಬಹುದು, ಹಾಕಿಸಿಕೊಂಡ ಮೇಲೂ ಮಾಸ್ಕ್ ಹಾಕಬೇಕು ಎಂದೆಲ್ಲ ಓದಿದೆ. ಒಂದು ವಾಕ್ಯ ಬಿಟ್ಟೆ. ಯಾವುದೆಂದು ನಿಮಗೆ ಗೊತ್ತಾಗಿರಬೇಕು. ಓದಿದರೆ ಎದ್ದು ಹೋಗುತ್ತಾಳೆ ಎಂದು ಹೆದರಿದೆ. ಅವಳಿಗೆ ಸಕ್ಕರೆ ಕಾಯಿಲೆ. ಕೊರೊನಾ ಬಂದರೆ ಉಳಿಯುವುದು ಕಷ್ಟ ಎಂದು ನನ್ನ ಲೆಕ್ಕ. "ಏನೂ ಆಗಲ್ಲ, ಹಾಕಿಸ್ಕೊಳ್ಳಮ್ಮ" ಅಂದೆ. ಹೆಬ್ಬೆಟ್ಟು ಒತ್ತಿದಳು.

ನನ್ನ ಅದೃಷ್ಟ ನೋಡಿ. ಅದೇ ವಾರ, ಮಾರ್ಚ್ 3ರಂದು, ಮಧ್ಯಂತರ ಫಲಿತಾಂಶ ಬಂತು. ರೋಗ ತಗುಲಿದ 43 ಜನರಲ್ಲಿ 36 ಮಂದಿ ಹುಸಿಮದ್ದಿನವರು, ಲಸಿಕೆ ಪಡೆದವರು 7 ಮಾತ್ರ. ಶೇಕಡ 81 ಎಂದು ಕಂಪನಿ ಹೇಳಿತು. 11ರಂದು ಆ ಪ್ರಯೋಗದ ಬಾಲ ಕತ್ತರಿಸಿ ಬಿತ್ತು, ಒಪ್ಪಿಗೆ ಪತ್ರವೂ ಹೋಯಿತು. ಜುಲೈ ಹೊತ್ತಿಗೆ ಪೂರ್ತಿ ಲೆಕ್ಕ: 130 ರೋಗಿಗಳಲ್ಲಿ 106 ಆ ಕಡೆ, 24 ಈ ಕಡೆ, ಶೇಕಡ 77.8. ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿತು, ಲ್ಯಾನ್ಸೆಟ್ ಪತ್ರಿಕೆಯೂ ಪ್ರಕಟಿಸಿತು. ಲಸಿಕೆ ಒಳ್ಳೆಯದೇ ಆಗಿತ್ತು. ಹಾಗೆಂದ ಮಾತ್ರಕ್ಕೆ ಜನವರಿಯಲ್ಲಿ ಪ್ರಶ್ನೆ ಕೇಳಿದವರು ತಪ್ಪು ಮಾಡಿದ ಹಾಗಾಯಿತೆ? ಕಣ್ಣು ಮುಚ್ಚಿ ರಸ್ತೆ ದಾಟಿದವನು ಆಚೆ ತಲುಪಿದ ಎಂದು, ಕಣ್ಣು ಬಿಡು ಎಂದವನನ್ನು ಬೈಯುವ ಹಾಗಿಲ್ಲ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು, ನಮ್ಮ ಹುಬ್ಬಳ್ಳಿಗೇ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್ ಕೆಲವೇ ತಿಂಗಳಲ್ಲಿ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ತನ್ನ ಮೈಗೇ ಮೊದಲು ಚುಚ್ಚಿಕೊಂಡ. ಆಮೇಲೆ ಬೈಕುಲ್ಲಾ ಜೈಲಿನಲ್ಲಿ ಒಪ್ಪಿದ ಕೈದಿಗಳಿಗೆ. ಕೈದಿಯ ಒಪ್ಪಿಗೆ ಎಷ್ಟರ ಮಟ್ಟಿಗೆ ಒಪ್ಪಿಗೆ ಎಂದು ಇವತ್ತಿನವರು ಕೇಳುತ್ತಾರೆ, ಕೇಳಬೇಕಾದ್ದೇ. ಪ್ಲೇಗು ರೈಲು ಹಿಡಿದು ದಕ್ಷಿಣಕ್ಕೆ ಇಳಿಯಿತು. ಇಲಿ ಬಿತ್ತು ಎಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದು, ಪ್ಲೇಗಿನಮ್ಮನಿಗೆ ಗುಡಿ ಕಟ್ಟುವುದು, ಇವೆಲ್ಲ ನಮ್ಮ ಅಜ್ಜಿಯರ ಬಾಯಲ್ಲಿ ಕೇಳಿದ್ದೇವೆ. ಪುಣೆಯಲ್ಲಿ ಸೋಲ್ಜರುಗಳನ್ನು ಮನೆಯೊಳಗೆ ನುಗ್ಗಿಸಿದ ಪ್ಲೇಗು ಅಧಿಕಾರಿ ರಾಂಡ್ ಸಾಹೇಬನ ಮೇಲೆ 1897ರ ಜೂನ್ 22ರಂದು ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಮರುವರ್ಷ, 1898ರಲ್ಲಿ, ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಹಾಫ್‌ಕಿನ್ ಲಸಿಕೆ ಹಾಕಿಸಿಕೊಂಡರು. ಭಾರತದ ಒಂದು ಊರಿನಲ್ಲಿ ಅಲ್ಲಿಯವರೆಗೆ ನಡೆದ ಅತಿ ದೊಡ್ಡ ಲಸಿಕಾ ಕೆಲಸಗಳಲ್ಲಿ ಅದೂ ಒಂದು. ಬಲವಂತ ಮಾಡಿದ ಊರಿನಲ್ಲಿ ಕೊಲೆ, ಇನ್ನೊಂದು ಊರಿನಲ್ಲಿ ಸಾಲು. ಲಸಿಕೆ ಎಂದೂ ಒತ್ತಾಯದ್ದಾಗಬಾರದು ಎನ್ನುತ್ತಿದ್ದವರಲ್ಲಿ ಹಾಫ್‌ಕಿನ್ ಸ್ವತಃ ಒಬ್ಬ.

1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೊವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಿದರು. ಒಂದೇ ಸೀಸೆಯಿಂದ ಹಾಕಿಸಿಕೊಂಡ 19 ಮಂದಿ ಧನುರ್ವಾಯುವಿನಿಂದ ಸತ್ತರು. ಸೀಸೆಯ ಬಿರಡೆ ತೆಗೆಯುವ ಚಿಮಟ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧ ಮಾಡದೆ ಬಳಸಿದ್ದರು. ಉಳಿದ ಸೀಸೆಗಳಿಂದ ಹಾಕಿಸಿಕೊಂಡವರಿಗೆ ಏನೂ ಆಗಲಿಲ್ಲ. ಇಷ್ಟು ಸಾಕಿತ್ತು ವಿಷಯ ತಿಳಿಯಲು. ಆದರೆ ವಿಚಾರಣಾ ಸಮಿತಿ ಹಾಫ್‌ಕಿನ್‌ನ ಪ್ರಯೋಗಾಲಯದ ಮೇಲೆ ತಪ್ಪು ಹೊರಿಸಿತು, ಅವನನ್ನು ಕೆಲಸದಿಂದ ದೂರವಿಟ್ಟರು, ಸಾಕ್ಷ್ಯದ ಕಾಗದಗಳು ವರ್ಷಗಟ್ಟಲೆ ಹೊರಬರಲಿಲ್ಲ. 1907ರಲ್ಲಿ ಮಲೇರಿಯಾ ಖ್ಯಾತಿಯ ರೊನಾಲ್ಡ್ ರಾಸ್ ಮತ್ತು ಜೊತೆಯವರು ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದ ಮೇಲೆ ಅವನು ನಿರ್ದೋಷಿ ಎಂದಾಯಿತು. ಆ ಪ್ರಯೋಗಾಲಯಕ್ಕೆ ಅವನ ಹೆಸರು ಬಂದದ್ದು 1925ರಲ್ಲಿ. ಆ ಹೊತ್ತಿಗೆ ಎಷ್ಟು ಜನ ಆ ಸೂಜಿಗೆ ಹೆದರಿ ಪ್ಲೇಗಿಗೆ ಸತ್ತರೋ. ಚಿಮಟ ಬಿತ್ತು ಎಂದು ಮುಲ್ಕೊವಾಲಿನಲ್ಲೇ ಮರುವಾರ ಡಂಗುರ ಹೊಡೆಸಿದ್ದರೆ?

ಡಂಗುರ ಹೊಡೆಸಿದರೂ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳಲಾರೆ. 2021ರಲ್ಲಿ ಡೆನ್ಮಾರ್ಕಿನ ಮೈಕೆಲ್ ಬಾಂಗ್ ಪೀಟರ್ಸನ್ ಮತ್ತು ಸಂಗಡಿಗರು ಅಲ್ಲಿಯ ಹಾಗೂ ಅಮೆರಿಕದ ಜನರ ಮೇಲೆ ಮಾಡಿದ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಕೆಲವರಿಗೆ ಲಸಿಕೆಯ ಕೊರತೆಗಳನ್ನು ಮುಚ್ಚಿಡದೆ ಹೇಳಿದರು, ಕೆಲವರಿಗೆ ಚೆನ್ನಾಗಿದೆ ಎಂದು ಮೊಗಮ್ಮಾಗಿ ಹೇಳಿದರು. ಕೊರತೆ ಕೇಳಿದವರಲ್ಲಿ ಆ ಲಸಿಕೆ ಹಾಕಿಸಿಕೊಳ್ಳುವ ಮನಸ್ಸು ಕಡಿಮೆಯಾಯಿತು. ಆದರೆ ಆರೋಗ್ಯ ಇಲಾಖೆಯ ಮೇಲಿನ ನಂಬಿಕೆ ಕುಸಿಯಲಿಲ್ಲ, ಪಿತೂರಿಯ ಕಥೆಗಳಿಗೆ ಕಿವಿಗೊಡುವುದೂ ಹೆಚ್ಚಲಿಲ್ಲ. ಮೊಗಮ್ಮಾಗಿ ಕೇಳಿದವರಲ್ಲಿ ಎರಡೂ ಕೆಟ್ಟವು. ಸರದಿಯಲ್ಲಿ ನಾನು ಹೆದರಿದ್ದು ಸುಳ್ಳಲ್ಲ ಎಂದು ಇದರಿಂದ ಗೊತ್ತಾಗುತ್ತದೆ. ಓದಿದ್ದರೆ ಆಕೆ ಎದ್ದು ಹೋಗುತ್ತಿದ್ದಳೇನೋ. ಇವತ್ತಿನ ಸೂಜಿಗೂ ನಾಳೆಯ ನಂಬಿಕೆಗೂ ನಡುವೆ ಹೀಗೊಂದು ಲೇವಾದೇವಿ ಇದೆ. ಸಾಂಕ್ರಾಮಿಕದ ಹೊತ್ತಿನಲ್ಲಿ ನಾಳೆಯದನ್ನು ಅಡವಿಟ್ಟು ಇವತ್ತಿನದನ್ನು ತರುವುದು ನಮಗೆಲ್ಲ ಸುಲಭವೆನಿಸಿತು.

ಏಪ್ರಿಲ್–ಮೇ ತಿಂಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಿನಕ್ಕೆ ನಾಲ್ಕು ಲಕ್ಷ ಸೋಂಕು, ಚಾಮರಾಜನಗರದಲ್ಲಿ ಆಮ್ಲಜನಕದ ಕೊರತೆಯ ಆ ರಾತ್ರಿ, ನೀವೆಲ್ಲ ಬದುಕಿ ಬಂದ ದಿನಗಳು. ಜನವರಿಯಲ್ಲಿ ಯಾವ ಲಸಿಕೆ ಎಂದು ಚೌಕಾಸಿ ಮಾಡಿದವರು ಮೇ ತಿಂಗಳಲ್ಲಿ ಯಾವುದಾದರೂ ಸರಿ ಎಂದು ಬೆಳಗಿನ ಜಾವ ಮೊಬೈಲು ಒತ್ತುತ್ತ ಕೂತರು. ಆ ನಡುವೆ, ಮೇ 17ರಂದು, ಕೇಂದ್ರದ ಸಮಿತಿಯೊಂದು ಕೋವಿಶೀಲ್ಡ್‌ನಿಂದ ರಕ್ತ ಹೆಪ್ಪುಗಟ್ಟಿರಬಹುದಾದ 26 ಪ್ರಕರಣಗಳಿವೆ, ಹತ್ತು ಲಕ್ಷ ಡೋಸಿಗೆ 0.61 ಎಂದು ನೇರವಾಗಿ ತಿಳಿಸಿತು. ಒಳ್ಳೆಯ, ಅಂಕಿಸಂಖ್ಯೆ ಸಮೇತ ಹೇಳಿದ ನಿಜ. ಕೇಳುವ ಸ್ಥಿತಿಯಲ್ಲಿ ಯಾರಿದ್ದರು? ಮೂರು ವರ್ಷದ ನಂತರ, 2024ರಲ್ಲಿ, ಇದೇ ತೊಂದರೆಯನ್ನು ಕೋವಿಶೀಲ್ಡ್‌ನ ಮೂಲ ಕಂಪನಿಯಾದ ಆಸ್ಟ್ರಾಜೆನೆಕಾ ಲಂಡನ್ನಿನ ನ್ಯಾಯಾಲಯದ ಕಾಗದದಲ್ಲಿ ಒಪ್ಪಿಕೊಂಡಾಗ, ಇಷ್ಟು ದಿನ ಮುಚ್ಚಿಟ್ಟಿದ್ದರು ಎಂದು ವಾಟ್ಸಾಪ್ ತುಂಬ ಹರಿದಾಡಿತು.

ಕೊನೆಗೆ ಹಾಸನಕ್ಕೆ. 2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ನಲವತ್ತು ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರೆಂದು ಸುದ್ದಿಯಾಯಿತು. ಕೆಲವರು ಎಳೆಯ ವಯಸ್ಸಿನವರು. ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ, ಆತುರಾತುರವಾಗಿ ಅನುಮತಿ ಕೊಟ್ಟ ಲಸಿಕೆಯೂ ಕಾರಣವಿರಬಹುದು ಎಂದರು. ಆತುರದ ಅನುಮತಿ ಎಂಬುದೇ ಸರಿಯಲ್ಲ ಎಂದರು ಔಷಧ ಉದ್ಯಮಿ ಕಿರಣ್ ಮಜುಂದಾರ್ ಶಾ. ಸಂಬಂಧವಿಲ್ಲ ಎಂದಿತು ಕೇಂದ್ರ. 19 ರಾಜ್ಯಗಳ 47 ಆಸ್ಪತ್ರೆಗಳಲ್ಲಿ ನಡೆಸಿ 2023ರಲ್ಲೇ ಪ್ರಕಟಿಸಿದ್ದ ಅಧ್ಯಯನದಲ್ಲಿ, 18ರಿಂದ 45 ವಯಸ್ಸಿನವರ ಹಠಾತ್ ಸಾವಿನ ಸಾಧ್ಯತೆಯನ್ನು ಲಸಿಕೆ ಹೆಚ್ಚಿಸಿರಲಿಲ್ಲ, ಎರಡು ಡೋಸು ತಗ್ಗಿಸಿತ್ತು. ಜಯದೇವ ಸಂಸ್ಥೆಯ ಡಾ. ರವೀಂದ್ರನಾಥ್ ನೇತೃತ್ವದ ರಾಜ್ಯ ಸಮಿತಿಯೂ ಲಸಿಕೆಯ ನೇರ ಸಂಬಂಧ ಕಾಣಲಿಲ್ಲ. ಅಷ್ಟರಲ್ಲಿ ಹೃದ್ರೋಗ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವವೇ ಸಾಲು ಬೆಳೆದಿತ್ತು. 2021ರಲ್ಲಿ ಅನುಮಾನಪಟ್ಟವರನ್ನು ಬೈದವರು ಒಂದು ಪಕ್ಷದವರು, 2025ರಲ್ಲಿ ಅನುಮಾನ ಬಿತ್ತಿದವರು ಇನ್ನೊಂದು ಪಕ್ಷದವರು. ಎರಡೂ ಸಲ ದತ್ತಾಂಶ ನೋಡುವ ಮುಂಚೆ ಬಾಯಿ ಓಡಿತು.

ಆ ಜುಲೈನಲ್ಲೇ ಒಂದು ಸಂಜೆ ಹೂವಿನವಳು ಮನೆಗೆ ಬಂದಳು. ಅವಳ ಮಗ ಆಟೊ ಓಡಿಸುವವನು, ಟಿವಿ ನೋಡಿ ಹೆದರಿ ಮೂರು ದಿನದಿಂದ ಗಾಡಿ ತೆಗೆದಿಲ್ಲ. ಅವನಿಗೆ ಧೈರ್ಯ ಹೇಳಬೇಕಂತೆ. ಸಮಿತಿ, ಅಧ್ಯಯನ, ಸಕ್ಕರೆ, ಬೀಡಿ ಎಲ್ಲ ವಿವರಿಸಿದೆ. ಯಾಕೋ ಆ ಹಳೆಯ ಕಾಗದದ ನನ್ನ ಪ್ರತಿ ನೆನಪಾಯಿತು. ಕಡತದಿಂದ ತೆಗೆದು, ಅವತ್ತು ಬಿಟ್ಟಿದ್ದ ವಾಕ್ಯವನ್ನು ಓದಿ ಕನ್ನಡದಲ್ಲಿ ಹೇಳಿದೆ. ಬಿಟ್ಟಿದ್ದೆ ಎಂದೂ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಬುಟ್ಟಿಯಲ್ಲಿ ಉಳಿದಿದ್ದ ಮಲ್ಲಿಗೆಯ ಮೇಲೆ ನೀರು ಚಿಮುಕಿಸಿದಳು.

"ಓದಿದ್ರೂ ಹಾಕಿಸ್ಕೊತಿದ್ದೆ ಡಾಕ್ಟ್ರೇ. ನಿಮ್ ಜೊತೆ ಬಂದಿದ್ನಲ್ಲ" ಅಂದಳು. ಬುಟ್ಟಿ ಎತ್ತಿ ಬಾಗಿಲ ತನಕ ಹೋದವಳು ತಿರುಗಿ, "ಈಗ ನನ್ ಮಗಂಗೆ ಅಂತ ಹೇಳಿದ್ರಲ್ಲ, ಅದ್ರಲ್ಲಿ ಏನೂ ಬಿಟ್ಟಿಲ್ವಾ?" ಎಂದು ಕೇಳಿದಳು.